ಮೂರು ತಿಂಗಳಲ್ಲಿ ‘ಸರಿ’ ಮಾಡಿಕೊಡ್ತೀವಿ ಅನ್ನುವವರ ಬಗ್ಗೆ

ಪ್ರಶ್ನೆ: ಡಾಕ್ಟರೇ, ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮೂರು ಎಕರೆ ಅಡಿಕೆ ತೋಟ. ಒಬ್ಬನೇ ಮಗ, 25 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ದೀಪಾವಳಿಗೆ ಬಂದಿದ್ದಾಗ ಕೊಪ್ಪದ ಕಡೆಯ ಒಂದು ಸಂಬಂಧದ ಮಾತು ಎತ್ತಿದೆವು. ಅವತ್ತು ರಾತ್ರಿ ನಾನು ಪಾತ್ರೆ ತೊಳೆಯುತ್ತಿದ್ದಾಗ ಹತ್ತಿರ ಬಂದು ನಿಂತ. ‘ಅಮ್ಮಾ, ನಂಗೆ ಹುಡುಗಿಯರ ಮೇಲೆ ಮನಸ್ಸು ಬರಲ್ಲ, ಹುಡುಗರ ಮೇಲೇ ಬರೋದು, ಹೈಸ್ಕೂಲಿನಿಂದಲೂ ಹೀಗೇ’ ಅಂದ. ನನಗೆ ಕೈಕಾಲೇ ಆಡಲಿಲ್ಲ. ನಮ್ಮ ಮನೆಯವರಿಗೆ ಹೇಳಿದೆ. ಅವತ್ತಿನಿಂದ ಅವರು ಮಗನ ಜೊತೆ ಮಾತು ಬಿಟ್ಟಿದ್ದಾರೆ. ಭಾವನವರು ಯಾರನ್ನೋ ವಿಚಾರಿಸಿದ್ದಾರೆ. ಮೂರು ತಿಂಗಳ ಕೋರ್ಸಂತೆ, ಇಂಜೆಕ್ಷನ್ ಮತ್ತೆ ಹಿಪ್ನಾಟಿಸಂ, 80 ಸಾವಿರ ರೂಪಾಯಿ, ಗ್ಯಾರಂಟಿ ಕೊಡ್ತಾರಂತೆ. ನಾದಿನಿ ಸಿಗಂದೂರಿಗೆ ಹರಕೆ ಹೇಳಿಕೋ ಅಂತಾಳೆ. ಮದುವೆ ಮಾಡಿಬಿಡಿ, ತಾನಾಗೇ ಸರಿಹೋಗುತ್ತೆ ಅನ್ನುವವರೂ ಇದ್ದಾರೆ. ಮಗನನ್ನು ಕೇಳಿದರೆ ‘ನೀವು ಹೇಳಿದಲ್ಲಿಗೆ ಬರ್ತೀನಿ’ ಅಂತಾನೆ. ಇದು ಕಾಯಿಲೆಯಾ? ನಾನು ಅವನನ್ನು ಜಾಸ್ತಿ ಮುದ್ದು ಮಾಡಿದ್ದಕ್ಕೆ ಹೀಗಾಯ್ತಾ? ಪಿಯುಸಿಗೆ ಹಾಸ್ಟೆಲಿಗೆ ಹಾಕಿದ್ದು ತಪ್ಪಾಯ್ತಾ? ಮುಂದೆ ಮಂಗಳಮುಖಿ ಆಗ್ತೀನಿ ಅಂತಾನಾ? ಆ ಚಿಕಿತ್ಸೆ ಕೊಡಿಸಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಅದಕ್ಕೆ ಅವಸರ ಇದೆ. ಕೊಡಿಸಬೇಡಿ. ಮುಂಗಡವನ್ನೂ ಕಟ್ಟಬೇಡಿ. ನಿಮ್ಮ ಮಗನಿಗೆ ಕಾಯಿಲೆ ಇಲ್ಲ. ಇಲ್ಲದ ಕಾಯಿಲೆಗೆ ಗ್ಯಾರಂಟಿ ಕೊಡುವವರ ಹತ್ತಿರ ಇರುವ ಕಾಯಿಲೆಗೂ ಔಷಧಿ ತೆಗೆದುಕೊಳ್ಳಬಾರದು.

ಇನ್ನು ನಿಧಾನವಾಗಿ ಮಾತಾಡೋಣ. ನಿಮ್ಮ ಪತ್ರದಲ್ಲಿ ಇರುವುದು ಒಂದೇ ಭಯ ಅಲ್ಲ, ನಾಲ್ಕೈದು ಭಯಗಳು ಒಟ್ಟಿಗೆ ಗಂಟು ಬಿದ್ದಿವೆ. ಮಗನಿಗೆ ಏನೋ ಆಗಿದೆ ಅನ್ನುವುದು ಒಂದು. ಅದಕ್ಕೆ ನಾನೇ ಕಾರಣ ಅನ್ನುವುದು ಇನ್ನೊಂದು. ಜನ ಏನಂದಾರು, ತೋಟ ನೋಡುವವರು ಯಾರು, ಇವನಿಗೆ ವಯಸ್ಸಾದಾಗ ಜೊತೆಗೆ ಯಾರು ಅನ್ನುವುದು ನೀವು ಬರೆದಿಲ್ಲ. ಆದರೆ ಇದೇ ವಿಷಯಕ್ಕೆ ನನ್ನ ಹತ್ತಿರ ಬಂದ ಹೆಚ್ಚಿನ ತಾಯಂದಿರು ಬಾಗಿಲಿಗೆ ಹೋಗಿ, ಮತ್ತೆ ವಾಪಸ್ ಬಂದು ಕೇಳುವುದು ಅದನ್ನೇ.

ಕಾಯಿಲೆಯ ವಿಷಯ. ಒಂದು ಕಾಲದಲ್ಲಿ ವೈದ್ಯರೇ ಇದನ್ನು ಕಾಯಿಲೆ ಅಂದಿದ್ದರು, ಸುಳ್ಳು ಹೇಳಲ್ಲ. ಅವರು ಹಾಗೆ ತಿಳಿದುಕೊಂಡಿದ್ದಕ್ಕೆ ಕಾರಣ ಸರಳ. ಅವರ ಕಣ್ಣಿಗೆ ಬೀಳುತ್ತಿದ್ದವರು ಆಸ್ಪತ್ರೆಗೆ ಬಂದವರು, ಇಲ್ಲಾ ಜೈಲಿಗೆ ಹೋದವರು. ಮೆಗ್ಗಾನ್ ಆಸ್ಪತ್ರೆಯ ಚೀಟಿ ಕೌಂಟರಿನ ಸಾಲು ನೋಡಿ ಶಿವಮೊಗ್ಗದಲ್ಲಿ ಆರೋಗ್ಯವಾಗಿರುವವರೇ ಇಲ್ಲ ಅಂದ ಹಾಗೆ. 1957ರಲ್ಲಿ ಎವೆಲಿನ್ ಹೂಕರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ ಇದನ್ನು ಬೇರೆ ರೀತಿ ನೋಡಿದರು. ಚಿಕಿತ್ಸೆಗೆ ಬರದ, ತಮ್ಮ ಪಾಡಿಗೆ ಬದುಕುತ್ತಿದ್ದ 30 ಸಲಿಂಗಿ ಗಂಡಸರನ್ನು ಮತ್ತು 30 ಬೇರೆ ಗಂಡಸರನ್ನು ಮಾನಸಿಕ ಪರೀಕ್ಷೆಗೆ ಒಳಪಡಿಸಿದರು. ಹೆಸರು, ವಿವರ ಮುಚ್ಚಿಟ್ಟು ಉತ್ತರಗಳನ್ನು ದೊಡ್ಡ ತಜ್ಞರಿಗೆ ಕೊಟ್ಟರು. ಯಾವುದು ಯಾರದ್ದು ಅಂತ ಅವರಿಗೆ ಬೇರೆ ಮಾಡಲು ಆಗಲಿಲ್ಲ. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಸಲಿಂಗಾಕರ್ಷಣೆಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ ತೆಗೆದದ್ದು 1990ರ ಮೇ 17ರಂದು. ನಮ್ಮ ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಇದು ಕಾಯಿಲೆ ಅಲ್ಲ ಅಂತ ಬಹಿರಂಗವಾಗಿ ಹೇಳಿತು. ನಾವು ಸ್ವಲ್ಪ ತಡ ಮಾಡಿದೆವು ಅನ್ನುವುದು ನನ್ನ ಅಭಿಪ್ರಾಯ.

ಈಗ ನಿಮ್ಮ ಮುದ್ದಿನ ವಿಷಯ. ಮಗನನ್ನು ತುಂಬಾ ಹಚ್ಚಿಕೊಂಡ ತಾಯಿ, ದೂರ ನಿಂತ ಅಪ್ಪ, ಅದಕ್ಕೇ ಮಗ ಹೀಗಾದ ಅನ್ನುವ ಕಥೆ 1960ರ ದಶಕದಲ್ಲಿ ಅಮೆರಿಕದಲ್ಲಿ ಬಹಳ ಓಡಿತು. ಅದೂ ಚಿಕಿತ್ಸೆಗೆ ಬಂದವರನ್ನೇ ನೋಡಿ ಕಟ್ಟಿದ ಕಥೆ. ಒಬ್ಬನೇ ಮಗನನ್ನು ಹಚ್ಚಿಕೊಂಡ ತಾಯಿ, ಮಾತು ಕಡಿಮೆಯ ಅಪ್ಪ, ಇಬ್ಬರೂ ಮಲೆನಾಡಿನ ಯಾವ ಮನೆಯಲ್ಲಿ ಇಲ್ಲ ಹೇಳಿ? ಆ ಲೆಕ್ಕ ನಿಜವಾಗಿದ್ದರೆ ಇಲ್ಲಿ ಮದುವೆಯೇ ನಡೆಯುತ್ತಿರಲಿಲ್ಲ. 2019ರಲ್ಲಿ ಸುಮಾರು 4 ಲಕ್ಷ 77 ಸಾವಿರ ಜನರ ವಂಶವಾಹಿಗಳನ್ನು ಪರಿಶೀಲಿಸಿದ ದೊಡ್ಡ ಅಧ್ಯಯನ ಬಂತು. ಇದಕ್ಕೇ ಅಂತ ಒಂದು ಜೀನ್ ಇಲ್ಲ, ಸಣ್ಣಪುಟ್ಟ ಅನೇಕ ಜೀನ್‌ಗಳ ಪಾಲು ಸ್ವಲ್ಪ ಸ್ವಲ್ಪ ಇದೆ ಅಂತ ಅದು ತೋರಿಸಿತು. ಹುಟ್ಟುವ ಮೊದಲಿನ ಹಾರ್ಮೋನುಗಳ ಪಾತ್ರವೂ ಇರುವ ಹಾಗೆ ಕಾಣುತ್ತದೆ. ಮುದ್ದು ಮಾಡಿದ್ದರಿಂದ, ಹಾಸ್ಟೆಲಿಗೆ ಹಾಕಿದ್ದರಿಂದ ಒಬ್ಬರ ಒಲವು ಬದಲಾಗುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಹಾಸ್ಟೆಲ್‌ನಲ್ಲಿ ಅವನಿಗೆ ತಾನು ಯಾರು ಅಂತ ಗೊತ್ತಾಗಿರಬಹುದು, ಅಷ್ಟೇ. ಅವನೇ ಹೇಳಿದ್ದಾನಲ್ಲ, ಹೈಸ್ಕೂಲಿನಿಂದಲೂ ಅಂತ. ಅಂದರೆ ಹತ್ತು ವರ್ಷಕ್ಕಿಂತ ಜಾಸ್ತಿ ಅವನು ಇದನ್ನು ಒಬ್ಬನೇ ಹೊತ್ತುಕೊಂಡು ತಿರುಗಿದ್ದಾನೆ.

ಮಂಗಳಮುಖಿ ಆಗ್ತೀನಿ ಅಂತಾನಾ ಅಂತ ಕೇಳಿದ್ದೀರಿ. ಇವು ಎರಡು ಬೇರೆ ವಿಷಯ. ಯಾರ ಮೇಲೆ ಮನಸ್ಸಾಗುತ್ತದೆ ಅನ್ನುವುದು ಒಂದು. ಅದನ್ನು ಲೈಂಗಿಕ ಒಲವು ಅನ್ನುತ್ತೇವೆ. ನಾನು ಒಳಗೆ ಗಂಡೋ ಹೆಣ್ಣೋ ಅನ್ನುವುದು ಇನ್ನೊಂದು, ಅದು ಲಿಂಗ ಗುರುತು. ನಿಮ್ಮ ಮಗ ಹೇಳಿದ್ದು ಮೊದಲನೆಯದನ್ನು. ಅವನು ಗಂಡಸೇ, ಗಂಡಸಾಗಿಯೇ ಇನ್ನೊಬ್ಬ ಗಂಡಸನ್ನು ಇಷ್ಟಪಡುತ್ತಾನೆ. ಎರಡನೆಯದು ನಮ್ಮ ಸೀಮೆಗೆ ಹೊಸದೇನಲ್ಲ. ಎಲ್ಲಮ್ಮನ ಜೋಗತಿ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ರಾಷ್ಟ್ರಪತಿ ಭವನದಲ್ಲಿ ಅವರು ಸೆರಗಿನಿಂದ ದೃಷ್ಟಿ ತೆಗೆದಿದ್ದನ್ನು ನೀವೂ ಟೀವಿಯಲ್ಲಿ ನೋಡಿರಬಹುದು.

ಲಿಂಗ ಗುರುತಿನ ವಿಷಯದಲ್ಲಿ ವೈದ್ಯರ ನಡುವೆ ನಿಜವಾದ ಚರ್ಚೆ ಒಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹದಿನಾಲ್ಕು ಹದಿನೈದರ ಮಕ್ಕಳಿಗೆ ಹಾರ್ಮೋನು ಔಷಧಿ ಯಾವಾಗ ಕೊಡಬೇಕು, ಕೊಡಬೇಕೋ ಬೇಡವೋ ಅನ್ನುವುದು ಆ ಚರ್ಚೆ. ಬ್ರಿಟನ್ನಿನಲ್ಲಿ 2024ರಲ್ಲಿ ಬಂದ ಕ್ಯಾಸ್ ವರದಿ, ಈ ಔಷಧಿಗಳ ಬಗ್ಗೆ ಇರುವ ಸಾಕ್ಷ್ಯ ದುರ್ಬಲ, ಎಚ್ಚರ ಬೇಕು ಅಂದಿತು. ಅದನ್ನು ಒಪ್ಪದ ವೈದ್ಯರೂ ಇದ್ದಾರೆ. ಪರಿವರ್ತನಾ ಚಿಕಿತ್ಸೆಯನ್ನು, ಅಂದರೆ ಒಬ್ಬರ ಒಲವನ್ನೋ ಲಿಂಗ ಗುರುತನ್ನೋ ಬದಲಾಯಿಸಲು ಹೊರಡುವ ಚಿಕಿತ್ಸೆಯನ್ನು ನಿಷೇಧಿಸುವ ಕಾನೂನು ಬಂದರೆ, ಗೊಂದಲದಲ್ಲಿರುವ ಮಗುವಿನ ಜೊತೆ ಮುಕ್ತವಾಗಿ ಮಾತಾಡಲು ಹೆದರಬೇಕಾಗುತ್ತದೆ ಅನ್ನುವುದು ಕೆಲವರ ಆತಂಕ. ಆತಂಕದಲ್ಲಿ ಅರ್ಥ ಇದೆ. ಆದರೆ ಉತ್ತರ ಏನು ಬರಬೇಕು ಅಂತ ಮೊದಲೇ ತೀರ್ಮಾನಿಸದೆ ಕೂತು ಕೇಳುವುದು ಬೇರೆ. ‘ಇವನು ಹೀಗೇ ಆಗಬೇಕು’ ಅಂತ ತೀರ್ಮಾನಿಸಿ ಶುರುಮಾಡುವುದು ಬೇರೆ. ನಿಮ್ಮ ಭಾವನವರು ಕಂಡುಹಿಡಿದಿರುವುದು ಎರಡನೆಯದು. ಅದೂ 25 ವರ್ಷದ ಗಂಡಸಿಗೆ.

ಆ ಕೋರ್ಸಿನೊಳಗೆ ಏನಿರುತ್ತದೆ ಅಂತ ನೋಡೋಣ. ಇಂಜೆಕ್ಷನ್ ಅಂದರೆ ಸಾಮಾನ್ಯವಾಗಿ ಟೆಸ್ಟೋಸ್ಟೆರಾನ್, ಗಂಡಸರ ಹಾರ್ಮೋನು. ‘ಗಂಡಸುತನ ಕಡಿಮೆ ಇದೆ, ಜಾಸ್ತಿ ಮಾಡೋಣ’ ಅನ್ನುವ ಲೆಕ್ಕ. ಸಲಿಂಗಿ ಗಂಡಸರಲ್ಲಿ ಅದು ಕಡಿಮೆ ಇರುವುದಿಲ್ಲ. ಅಮೆರಿಕದಲ್ಲಿ 1940ರ ದಶಕದಲ್ಲೇ ಈ ಪ್ರಯೋಗ ಮಾಡಿ ಕೈಸುಟ್ಟುಕೊಂಡಿದ್ದಾರೆ. ಸೈಕಲ್ ಪೆಡಲ್ ಜೋರಾಗಿ ತುಳಿದರೆ ಸೈಕಲ್ ಜೋರಾಗಿ ಹೋಗುತ್ತದೆ, ಹ್ಯಾಂಡಲ್ ತಿರುಗುವುದಿಲ್ಲ. ಹಾಗೆ ಆಸೆ ಹೆಚ್ಚಾಗಬಹುದು, ಒಲವು ಅದೇ. ಜೊತೆಗೆ ಮೊಡವೆ, ರಕ್ತ ಗಟ್ಟಿಯಾಗುವುದು, ವೀರ್ಯಾಣು ಕಡಿಮೆಯಾಗುವುದು. ಬ್ರಿಟನ್ನಿನಲ್ಲಿ ಇದಕ್ಕೆ ಉಲ್ಟಾ ಮಾಡಿದ್ದರು. ನಿಮ್ಮ ಮಗ ಸಾಫ್ಟ್‌ವೇರಿನವನು, ಅಲನ್ ಟ್ಯೂರಿಂಗ್ ಹೆಸರು ಅವನಿಗೆ ಗೊತ್ತಿರುತ್ತದೆ. ಕಂಪ್ಯೂಟರ್ ವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. 1952ರಲ್ಲಿ ಸಲಿಂಗಿ ಅಂತ ಕೋರ್ಟು ಅವರನ್ನು ಅಪರಾಧಿ ಅಂದಿತು. ಜೈಲು ತಪ್ಪಿಸಿಕೊಳ್ಳಲು ಹೆಂಗಸರ ಹಾರ್ಮೋನು ತೆಗೆದುಕೊಳ್ಳಬೇಕಾಯಿತು. ಎರಡೇ ವರ್ಷ, 41ಕ್ಕೆ ತೀರಿಕೊಂಡರು. ಸರ್ಕಾರ ಕ್ಷಮಾದಾನ ಕೊಟ್ಟಿದ್ದು 2013ರಲ್ಲಿ.

ಹಿಪ್ನಾಟಿಸಂನಿಂದಲೂ ಒಲವು ಬದಲಾಗುವುದಿಲ್ಲ. ಇನ್ನು ಕೆಲವು ಕಡೆ ಗಂಡಸರ ಚಿತ್ರ ತೋರಿಸಿ ಕೈಗೆ ಸಣ್ಣ ಶಾಕ್ ಕೊಡುವುದು, ವಾಂತಿ ಬರುವ ಔಷಧಿ ಕೊಡುವುದು ನಡೆಯುತ್ತಿತ್ತು. ನಮ್ಮ ದೇಶದಲ್ಲೂ ನಡೆದಿದೆ. ಇದನ್ನು ಓದಿ ‘ಕರೆಂಟ್ ಕೊಡುವುದು’ ಅಂದರೇ ಹೆದರಬೇಡಿ. ತೀವ್ರ ಖಿನ್ನತೆಗೆ ಅರಿವಳಿಕೆ ಕೊಟ್ಟು ಮಾಡುವ ಇಸಿಟಿ ಒಳ್ಳೆಯ ಚಿಕಿತ್ಸೆ, ಜೀವ ಉಳಿಸುತ್ತದೆ. ಇದು ಅದಲ್ಲ. ಇದು ಮನಸ್ಸಿಗೆ ಭಯ ಕಲಿಸುವುದು.

ಹಾಗಾದರೆ ‘ಸರಿಹೋದವರು’ ಯಾರೂ ಇಲ್ಲವಾ? ಇದ್ದಾರೆ ಅಂತ ಹೇಳಿದವರು ಸಾಮಾನ್ಯರಲ್ಲ. ರಾಬರ್ಟ್ ಸ್ಪಿಟ್ಜರ್. 1973ರಲ್ಲಿ ಪಟ್ಟಿಯಿಂದ ತೆಗೆಸುವುದರಲ್ಲಿ ಮುಂದೆ ನಿಂತಿದ್ದ ಅದೇ ಮನೋವೈದ್ಯರು. 2003ರಲ್ಲಿ ಅವರು 200 ಜನರನ್ನು ಫೋನಿನಲ್ಲಿ ಮಾತಾಡಿಸಿ, ಕೆಲವರು ಬದಲಾಗಿದ್ದಾರೆ ಅಂತ ಬರೆದರು. ಗ್ಯಾರಂಟಿ ಕೊಡುವವರಿಗೆ ಹಬ್ಬವೋ ಹಬ್ಬ. ಆದರೆ ಆ 200ರಲ್ಲಿ ಹೆಚ್ಚಿನವರನ್ನು ಕಳುಹಿಸಿಕೊಟ್ಟವರು ಅದೇ ಚಿಕಿತ್ಸೆ ನಡೆಸುವವರು, ಆ ಗುಂಪುಗಳವರು. ಬದಲಾಗಿದ್ದೇನೆ ಅಂತ ಅವರು ಹೇಳಿದ್ದು ಬಿಟ್ಟರೆ ಬೇರೆ ಪುರಾವೆ ಇರಲಿಲ್ಲ. 2012ರಲ್ಲಿ, ವಯಸ್ಸಾಗಿ ಆರೋಗ್ಯ ಕೆಟ್ಟಿದ್ದ ಸ್ಪಿಟ್ಜರ್, ನನ್ನ ಅಧ್ಯಯನ ತಪ್ಪು ಅಂತ ಒಪ್ಪಿ ಸಲಿಂಗಿಗಳ ಕ್ಷಮೆ ಕೇಳಿದರು. ಮರುವರ್ಷ, ಧರ್ಮದ ಹೆಸರಿನಲ್ಲಿ ಇದೇ ಕೆಲಸ ಮಾಡುತ್ತಿದ್ದ ಎಕ್ಸೋಡಸ್ ಇಂಟರ್‌ನ್ಯಾಷನಲ್ ಅನ್ನುವ ಅಮೆರಿಕದ ಸಂಸ್ಥೆಯೂ ಕ್ಷಮೆ ಕೇಳಿ ಬಾಗಿಲು ಹಾಕಿತು.

ಇದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ, ನನ್ನದೇ ತಪ್ಪು ಹೇಳುತ್ತೇನೆ. ಪ್ರಾಕ್ಟೀಸ್ ಶುರುಮಾಡಿದ ಹೊಸತು. ಪಟ್ಟಿಯಿಂದ ತೆಗೆದು ವರ್ಷಗಳಾಗಿದ್ದರೂ ನಮಗೆ ಪಾಠ ಹೇಳಿದವರ ತಲೆಯಿಂದ ಹೋಗಿರಲಿಲ್ಲ, ನನ್ನ ತಲೆಯಿಂದಲೂ. ಒಬ್ಬ ಹುಡುಗನನ್ನು ಅಪ್ಪ ಕರೆದುಕೊಂಡು ಬಂದರು. ಮೊದಲ ದಿನ ಹುಡುಗ ಅತ್ತ. ಹತ್ತು ವಾರ ಬಂದ. ವಾರ ವಾರಕ್ಕೂ ‘ಈಗ ಪರವಾಗಿಲ್ಲ ಸಾರ್’ ಅನ್ನುತ್ತಾ ಹೋದ. ಕೊನೆಗೆ ‘ಆ ಯೋಚನೆ ಬರೋದೇ ನಿಂತಿದೆ’ ಅಂದ. ನಾನು ಬೀಗಿದೆ. ಮದುವೆ ಮಾಡಬಹುದು ಅಂದೆ. ನಾಲ್ಕು ವರ್ಷ ಕಳೆದು ನನ್ನ ಎದುರಿನ ಕುರ್ಚಿಯಲ್ಲಿ ಬಂದು ಕೂತವರು ಅವನ ಹೆಂಡತಿ. ನಿದ್ದೆ ಇಲ್ಲ, ಎದೆ ಡವಡವ, ತಲೆನೋವು. ಮನೆಯಲ್ಲಿ ಅತ್ತೆ ‘ಇನ್ನೂ ಮಕ್ಕಳಾಗಿಲ್ಲ’ ಅಂತ ಚುಚ್ಚುತ್ತಿದ್ದರು. ‘ನನ್ನಲ್ಲೇ ಏನೋ ಕೊರತೆ ಇರಬೇಕು ಡಾಕ್ಟ್ರೇ, ಅವರು ನನ್ನ ಮುಖ ಕೂಡ ನೋಡಲ್ಲ’ ಅಂದರು. ಗಂಡನ ಹೆಸರು ಕೇಳಿದಾಗ ನನಗೆ ಗೊತ್ತಾಯಿತು. ಅವರಿಗೆ ಏನು ಹೇಳುವುದು ಅಂತ ತಿಳಿಯಲಿಲ್ಲ. ಹೇಳುವ ಹಾಗೂ ಇರಲಿಲ್ಲ, ರೋಗಿಯ ಗುಟ್ಟು. ಆ ಹುಡುಗ ಹತ್ತು ವಾರದಲ್ಲಿ ನನ್ನಿಂದ ಕಲಿತದ್ದು ಒಂದೇ, ನಾನು ಏನು ಕೇಳಬಯಸುತ್ತೇನೋ ಅದನ್ನು ಹೇಳುವುದು. ಅದಕ್ಕೆ ನಾನು ಫೀಸು ಬೇರೆ ತೆಗೆದುಕೊಂಡಿದ್ದೆ.

ಹಾಗಾಗಿ ಮದುವೆ ಮಾಡಿದರೆ ಸರಿಹೋಗುತ್ತೆ ಅನ್ನುವವರಿಗೆ ನಾನು ಕೇಳುವುದು, ಆ ಹುಡುಗಿ ಏನು ತಪ್ಪು ಮಾಡಿದ್ದಾಳೆ? ಕೊಪ್ಪದ ಆ ಮನೆಯಲ್ಲೂ ನಿಮ್ಮ ಹಾಗೆ ಒಬ್ಬ ತಾಯಿ ಇದ್ದಾರೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು ‘ನೀವು ಹೇಳಿದಲ್ಲಿಗೆ ಬರ್ತೀನಿ’ ಅನ್ನುವುದು. ಅದನ್ನು ಒಪ್ಪಿಗೆ ಅಂತ ತಿಳಿಯಬೇಡಿ. ಸುಸ್ತಾದವರು ಹೀಗೆ ಮಾತಾಡುತ್ತಾರೆ. ಹೇಳಿದ್ದರಿಂದ ಅಪ್ಪನ ಮಾತು ನಿಂತಿದೆ, ಅಮ್ಮ ಅಳುತ್ತಿದ್ದಾರೆ, ಇನ್ನೇನಾದರೂ ಮಾಡಿಕೊಳ್ಳಲಿ ಅನ್ನುವ ಸ್ಥಿತಿ. ಅಮೆರಿಕದಲ್ಲಿ ಇಂಥ ಯುವಜನರ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಹೆತ್ತವರು ಬದಲಾಯಿಸಲು ಪ್ರಯತ್ನಿಸಿದವರಲ್ಲಿ ಆತ್ಮಹತ್ಯೆಯ ಪ್ರಯತ್ನ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಇತ್ತು. ಮನೆಯ ಒತ್ತಡದ ಜೊತೆ ಹೊರಗಿನ ಚಿಕಿತ್ಸೆಯೂ ಸೇರಿದಾಗ ಇನ್ನೂ ಹೆಚ್ಚು. ಹೆದರಿಸಲು ಹೇಳುತ್ತಿಲ್ಲ. ಅವನನ್ನು ನೇರವಾಗಿ ಕೇಳಿ: ನಿದ್ದೆ ಬರ್ತಿದೆಯಾ, ಊಟ ಸೇರ್ತಿದೆಯಾ, ಬದುಕೋದೇ ಬೇಡ ಅನ್ಸಿದೆಯಾ? ಕೇಳಿದರೆ ಇಲ್ಲದ ಯೋಚನೆ ಬಂದುಬಿಡುತ್ತದೆ ಅನ್ನುವುದು ಸುಳ್ಳು. ಕೇಳಿದರೆ ಹಗುರಾಗುತ್ತಾರೆ. ಅವನು ಊರಿಗೆ ಬಂದಾಗ ತೋಟಕ್ಕೆ ಹೊಡೆಯುವ ಔಷಧಿ, ಕಳೆನಾಶಕ ಇಟ್ಟಿರುವ ಕೋಣೆಗೆ ಬೀಗ ಹಾಕಿ ಕೀಲಿ ನೀವು ಇಟ್ಟುಕೊಳ್ಳಿ. ನಮ್ಮ ಕಡೆ ಆ ಡಬ್ಬಿಗಳು ಕೈಗೆ ಸಿಗುವ ಹಾಗೆ ಹಿತ್ತಲಿನಲ್ಲೇ ಬಿದ್ದಿರುತ್ತವೆ. ಒಂದು ಕ್ಷಣದ ದುಡುಕು ದಾಟಿದರೆ ಎಷ್ಟೋ ಜೀವ ಉಳಿಯುತ್ತದೆ. ರಾತ್ರಿ ಹೊತ್ತು ಯಾರ ಹತ್ತಿರ ಮಾತಾಡುವುದು ಅಂತ ತೋಚದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವನಿಗೂ ನಂಬರ್ ಕೊಡಿ, ನಿಮಗೂ ಇರಲಿ.

ಕಾನೂನಿನ ಮಾತು ಭಾವನವರಿಗೆ ಹೇಳಲು ಬೇಕಾಗಬಹುದು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರು ಪರಸ್ಪರ ಒಪ್ಪಿ ಹೀಗೆ ಬದುಕುವುದು ಅಪರಾಧ ಅಲ್ಲ ಅಂದಿದೆ. 2023ರಲ್ಲಿ ಸಲಿಂಗಿ ಮದುವೆಗೆ ಮಾನ್ಯತೆ ಕೊಡಲು ಅದೇ ಕೋರ್ಟು ಒಪ್ಪಲಿಲ್ಲ, ಅದೂ ನಿಜ. ಚಿಕಿತ್ಸೆಯ ವಿಷಯಕ್ಕೆ ಬಂದರೆ, ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಪರಿವರ್ತನಾ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಅಂತ ಘೋಷಿಸಿ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿದೆ. ಮಾಡಿದ ಡಾಕ್ಟರ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಆದರೆ ಇಂಥ ಕೋರ್ಸ್ ನಡೆಸುವವರಲ್ಲಿ ಎಷ್ಟೋ ಜನ ಡಾಕ್ಟರೇ ಅಲ್ಲ, ಪರಿಷತ್ತಿನ ಕೈ ಅವರಿಗೆ ತಾಗುವುದಿಲ್ಲ. ಭಾವನವರು ಒಂದು ಕೆಲಸ ಮಾಡಲಿ. ಕಾಯಿಲೆಯ ಹೆಸರು, ಇಂಜೆಕ್ಷನ್ನಿನ ಹೆಸರು, ಗ್ಯಾರಂಟಿ, ಇಷ್ಟನ್ನೂ ಲೆಟರ್‌ಹೆಡ್ಡಿನಲ್ಲಿ ಬರೆದು ಸಹಿ ಹಾಕಿ ಸೀಲು ಹಾಕಿಕೊಡಿ ಅಂತ ಕೇಳಲಿ.

ಆ ಆಯೋಗದ ಘೋಷಣೆಯ ಹಿಂದೆ ಒಂದು ಸ್ವಾರಸ್ಯ ಇದೆ. ಮದ್ರಾಸ್ ಹೈಕೋರ್ಟಿಗೆ ಇಬ್ಬರು ಹುಡುಗಿಯರ ಕೇಸು ಬಂದಿತ್ತು. ನ್ಯಾಯಮೂರ್ತಿ ಆನಂದ್ ವೆಂಕಟೇಶ್, ಈ ವಿಷಯ ನನಗೇ ಸರಿಯಾಗಿ ಗೊತ್ತಿಲ್ಲ ಅಂತ ಒಪ್ಪಿಕೊಂಡು ಮನಶ್ಶಾಸ್ತ್ರಜ್ಞರ ಮುಂದೆ ಕೂತು ಕಲಿತರು. ಆಮೇಲೆ 2021ರಲ್ಲಿ, ಇಂಥ ಚಿಕಿತ್ಸೆ ನಿಲ್ಲಬೇಕು ಅಂತ ಆದೇಶ ಬರೆದರು. ನಿಮ್ಮ ಮನೆಯವರಿಗೆ ಇದನ್ನು ಹೇಳಿ. ಹೈಕೋರ್ಟ್ ಜಡ್ಜೇ ಕಲಿಯಲು ಕೂತರು ಅಂದಮೇಲೆ ಅಪ್ಪನಿಗೂ ಟೈಮು ಬೇಕಾಗುತ್ತದೆ, ಅಲ್ವಾ? ಅವರನ್ನು ಮಗನ ಜೊತೆ ಕೂರಿಸಿ ಇತ್ಯರ್ಥ ಮಾಡಿಸಲು ಹೋಗಬೇಡಿ. ಫೋನಿನಲ್ಲಿ ‘ಊಟ ಆಯ್ತಾ’ ಅಂತ ಕೇಳಿದರೆ ಸದ್ಯಕ್ಕೆ ಅಷ್ಟೇ ದೊಡ್ಡದು.

ಏನೂ ಮಾಡದೆ ಸುಮ್ನೆ ಇರಬಹುದಾ ಅಂದರೆ, ಅದೂ ಒಂದು ದಾರಿ. ಎಷ್ಟೋ ಮನೆಗಳು ಅದನ್ನೇ ಮಾಡುತ್ತವೆ. ಮಗ ಬೆಂಗಳೂರಿನಲ್ಲಿ, ಮಾತು ಮುಚ್ಚಿಹೋಯಿತು. ಅದರ ತೊಂದರೆ ಏನೆಂದರೆ ಅವನು ಬರುವುದು ಕಡಿಮೆಯಾಗುತ್ತದೆ. ಮೊದಲು ಯುಗಾದಿಗೆ ರಜೆ ಸಿಗಲಿಲ್ಲ ಅಂತಾನೆ, ಆಮೇಲೆ ದೀಪಾವಳಿಗೂ.

ನಾನು ಹೇಳುವ ದಾರಿ, ಕೌನ್ಸೆಲಿಂಗ್. ಅವನನ್ನು ಬದಲಾಯಿಸಲು ಅಲ್ಲ, ಮೊದಲು ನಿಮಗೆ. ನಿಮಗೆ ಬಂದಿರುವುದು ಒಂದು ರೀತಿಯ ಸಾವಿನ ದುಃಖ. ಸೊಸೆ, ಮೊಮ್ಮಗು, ಮನೆ ತುಂಬಾ ಜನ ಅಂತ ಕಟ್ಟಿಕೊಂಡ ಚಿತ್ರ ಒಡೆದುಹೋಗಿದೆ. ಅದಕ್ಕೆ ಅಳುವುದು ತಪ್ಪಲ್ಲ, ಅವನ ಮುಂದೆ ಅಳಬೇಡಿ ಅಷ್ಟೇ. ಮೆಗ್ಗಾನಿನಲ್ಲಿ ಮನೋವೈದ್ಯ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವೂ ಇದೆ, ನಿಮ್ಮಲ್ಲಿ ಯಾವ ವಾರ ಅಂತ ವಿಚಾರಿಸಿ ಹೋಗಿ. ಎಲ್ಲ ಮನೋವೈದ್ಯರಿಗೂ ಈ ತಿಳಿವಳಿಕೆ ಒಂದೇ ಮಟ್ಟದಲ್ಲಿ ಇಲ್ಲ ಅನ್ನುವುದು ನಮ್ಮ ವೃತ್ತಿಯ ನಾಚಿಕೆ. ಅದಕ್ಕೇ ಮೊದಲೇ ಕೇಳಿ: ‘ನನ್ನ ಮಗ ಸಲಿಂಗಿ, ನೀವು ಏನು ಮಾಡ್ತೀರಿ?’ ಬದಲಾಯಿಸೋಣ ಅಂದರೆ ಎದ್ದು ಬನ್ನಿ. ‘ನಿಮಗೆ ಹೇಗಿದೆ, ಅವನು ಹೇಗಿದ್ದಾನೆ’ ಅಂತ ಕೇಳಿದರೆ ಕೂತುಕೊಳ್ಳಿ. ಮಗನೇ ‘ನಾನು ಬದಲಾಗಬೇಕು’ ಅಂತ ಬಂದರೂ ನಾವು ಅವನನ್ನು ಓಡಿಸುವುದಿಲ್ಲ. ಯಾರಿಗೋಸ್ಕರ, ಯಾವುದನ್ನು ಕಳೆದುಕೊಳ್ಳುವ ಭಯಕ್ಕೆ ಅಂತ ಮಾತಾಡುತ್ತೇವೆ. ಕೆಲವರಲ್ಲಿ ವರ್ಷಗಳು ಕಳೆದ ಹಾಗೆ ಒಲವು ತಾನಾಗಿ ಸ್ವಲ್ಪ ಆಚೀಚೆ ಆಗುವುದುಂಟು, ಇಬ್ಬರ ಮೇಲೂ ಮನಸ್ಸಾಗುವವರೂ ಇದ್ದಾರೆ. ಆದರೆ ಹೊರಗಿನವರು ತಿರುಗಿಸಿದರೆ ತಿರುಗುವ ನಲ್ಲಿ ಅಲ್ಲ ಅದು.

ಈ ದಾರಿಯಲ್ಲೂ ಕಷ್ಟ ಇಲ್ಲ ಅನ್ನಲಾರೆ. ನಿಮ್ಮ ಮನೆಯವರು ವರ್ಷಗಟ್ಟಲೆ ಒಪ್ಪದೇ ಇರಬಹುದು. ಭಾವನವರ ಮನೆ ಮಾತು ಊರಿಗೆ ಹಬ್ಬಬಹುದು. ಇನ್ನು ಮುಂದೆ ಮಗನನ್ನು ಕೇಳದೆ ಯಾರಿಗೂ ಹೇಳಬೇಡಿ. ಹೇಳುವುದೋ ಬಿಡುವುದೋ ಅವನ ಹಕ್ಕು.

ಹರಕೆ? ಹೇಳಿಕೊಳ್ಳಿ. ಈಗ ಸೇತುವೆ ಆಗಿದೆ, ಲಾಂಚಿಗೆ ಕಾಯುವ ಕೆಲಸವೂ ಇಲ್ಲ. ನಿಮ್ಮ ಮನಸ್ಸಿಗೆ ನೆಮ್ಮದಿ ಕೊಡು ಅಂತ ಕೇಳಿಕೊಂಡು ಬನ್ನಿ. ಅವನನ್ನು ಎಳೆದುಕೊಂಡು ಹೋಗಿ ಗಾಳಿ ಬಿಡಿಸುವವರ ಮುಂದೆ ಮಾತ್ರ ಕೂರಿಸಬೇಡಿ.

ಕೊಪ್ಪದವರಿಗೆ ಈ ವಾರವೇ ತಿಳಿಸಿಬಿಡಿ. ಮಗನಿಗೆ ಸದ್ಯ ಮದುವೆಯ ಮನಸ್ಸಿಲ್ಲ, ನೀವು ಬೇರೆ ಕಡೆ ನೋಡಿ ಅಂತ. ಅದು ಸುಳ್ಳೂ ಅಲ್ಲ, ಗುಟ್ಟು ಬಿಟ್ಟುಕೊಟ್ಟ ಹಾಗೂ ಅಲ್ಲ. ಹಾಗೆ ತಿಳಿಸಿದ್ದೀನಿ ಅಂತ ಮಗನಿಗೆ ಫೋನ್ ಮಾಡಿ ಹೇಳಿ. ಅವನು ಏನೂ ಹೇಳದೇ ಇರಬಹುದು. ಫೋನ್ ಇಡಬೇಡಿ, ಸ್ವಲ್ಪ ಹೊತ್ತು ಕಾಯಿರಿ.